ಕಾರಿನ ಲೆದರ್ ಸೀಟಿಗೆ ತೆಂಗಿನ ಎಣ್ಣೆ ಹಚ್ಚಬಹುದಾ, ಕಂಡೀಷನರ್ ಹಾಕಬೇಕಾ?

ಪುತ್ತೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸೆಡಾನ್ ತಗೊಂಡಿದ್ದೀರಿ. ತಿಳಿ ಕಂದು ಬಣ್ಣದ ಲೆದರ್ ಸೀಟು. ಡ್ರೈವರ್ ಸೀಟು ಕಪ್ಪಾಗಿ, ಗಟ್ಟಿಯಾಗಿ, ಮಿರಮಿರ ಹೊಳೆಯುತ್ತಿದೆ. ಹಿಂದಿನ ಸೀಟಿನಲ್ಲಿ ಮಳೆಗಾಲದ ಬೂಷ್ಟು. ಮನೆಯಲ್ಲಿ ತೆಂಗಿನ ಎಣ್ಣೆ ಹಚ್ಚಿ ಅಂತಾರೆ, ಅಂಗಡಿಯವರು ಲೆದರ್‌ಗೆ ಹಚ್ಚುವ ಕ್ರೀಮ್, ಅಂದರೆ ಕಂಡೀಷನರ್ ತಗೊಳ್ಳಿ ಅಂತಾರೆ. ಯಾರ ಮಾತು ಕೇಳೋದು ಅಂತ ಬರೆದಿದ್ದೀರಿ.

ಎಣ್ಣೆ ಬೇಡವೇ ಬೇಡ. ಕಂಡೀಷನರ್ ಕೂಡ ಈಗಲೇ ಬೇಡ. ಮೊದಲು ಕೊಳೆ ತೆಗೆಯಿರಿ. ಮಂಗಳೂರಿನಲ್ಲಿ ಕಾರುಗಳ ಒಳಭಾಗ ಕ್ಲೀನ್ ಮಾಡುವುದೇ ನನ್ನ ಕೆಲಸ. "ಲೆದರ್ ಒಣಗಿದೆ, ಏನಾದರೂ ಹಚ್ಚಿ" ಅಂತ ಬರುವ ಕಾರುಗಳಲ್ಲಿ ಹೆಚ್ಚಿನವುಗಳ ಸೀಟು ಒಣಗಿರುವುದಿಲ್ಲ. ಬೆವರು, ಮೈಯ ಜಿಡ್ಡು, ಧೂಳು ಸೇರಿ ಮೇಲೆ ಒಂದು ಪದರ ಕೂತಿರುತ್ತದೆ, ಅಷ್ಟೇ. ಹೊಳಪು ಅದರದ್ದೇ. ಕಾರ್ಖಾನೆಯಿಂದ ಬಂದ ಹೊಸ ಲೆದರ್ ಸೀಟು ಸಾಮಾನ್ಯವಾಗಿ ಹೊಳೆಯುವುದಿಲ್ಲ, ಮಂಕಾಗಿಯೇ ಇರುತ್ತದೆ.

ಎಣ್ಣೆಯ ಸಲಹೆ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ಅಥಣಿ, ನಿಪ್ಪಾಣಿ ಕಡೆ ಮಾಡುವ ಕೊಲ್ಹಾಪುರಿ ಚಪ್ಪಲಿ ನೋಡಿರುತ್ತೀರಿ. ಅಳಲೆಕಾಯಿ, ಜಾಲಿ ತೊಗಟೆಯಲ್ಲಿ ಹದ ಮಾಡಿದ ಚರ್ಮ ಅದು. ಮೇಲೆ ಯಾವ ಲೇಪವೂ ಇಲ್ಲ. ಎಣ್ಣೆ ಸವರಿದರೆ ಕುಡಿಯುತ್ತದೆ, ಮೆತ್ತಗಾಗುತ್ತದೆ. ನಮ್ಮ ಹಿರಿಯರಿಗೆ ಗೊತ್ತಿದ್ದ ಚರ್ಮ ಅದು, ಆ ಚರ್ಮಕ್ಕೆ ಅವರ ಮಾತು ಸರಿ. ಕಾರಿನ ಸೀಟಿನ ಚರ್ಮದ ಕಥೆ ಬೇರೆ. ಅದರ ಮೇಲೆ ಬಣ್ಣದ ಪದರ ಇರುತ್ತದೆ, ಬಣ್ಣದ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ತೆಳು ಪದರ ಇರುತ್ತದೆ. ನೀವು ಮುಟ್ಟುವುದು, ಒರೆಸುವುದು ಎಲ್ಲ ಆ ಪದರವನ್ನೇ. ಎಣ್ಣೆ ಅದನ್ನು ದಾಟಿ ಒಳಗೆ ಹೋಗಲಾರದೆ ಮೇಲೆಯೇ ಕೂತು ಧೂಳು ಹಿಡಿಯುತ್ತದೆ. ಬಿಳಿ ಪಂಚೆ ಉಟ್ಟು ಕೂತರೆ ಕಲೆ ಪಂಚೆಗೆ. ಬಿರುಕು ಇದ್ದ ಕಡೆ ಮಾತ್ರ ಒಳಗಿಳಿದು ಅಲ್ಲಿ ಕಪ್ಪು ಗೆರೆ ಮಾಡುತ್ತದೆ. ನಮ್ಮ ಕರಾವಳಿಯ ಹವೆಗೆ ಆ ಜಿಡ್ಡು ಬೂಷ್ಟಿಗೂ ಒಳ್ಳೆ ಊಟ. ಆಲಿವ್ ಎಣ್ಣೆ, ಹರಳೆಣ್ಣೆ, ಶೂ ಪಾಲಿಶ್ ಯಾವುದೂ ಇದಕ್ಕೆ ಹೊರತಲ್ಲ.

ಇನ್ನೊಂದು ವಿಷಯ ಮೊದಲೇ ನೋಡಿಕೊಳ್ಳಿ. ನಿಮ್ಮದು ನಿಜವಾಗಿ ಲೆದರಾ? ನಮ್ಮಲ್ಲಿ "ಲೆದರ್ ಸೀಟು" ಅಂತ ಮಾರುವ ಕಾರುಗಳಲ್ಲಿ ಬಹಳಷ್ಟು ಲೆದರೆಟ್, ಅಂದರೆ ನಮ್ಮ ಮಾತಿನ ರೆಕ್ಸಿನ್. ನಿಜವಾದ ಲೆದರ್ ಇದ್ದ ಕಾರಿನಲ್ಲೂ ಎಷ್ಟೋ ಸಲ ಬೆನ್ನು, ತೊಡೆ ತಾಗುವ ನಡುಭಾಗ ಮಾತ್ರ ಚರ್ಮ. ಪಕ್ಕ, ಹಿಂಬದಿ ಎಲ್ಲ ರೆಕ್ಸಿನ್. ನೀರು ಹನಿಸಿ ನೋಡುವ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ, ಲೇಪ ಇರುವ ಚರ್ಮದ ಮೇಲೂ ನೀರು ಹಾಗೇ ನಿಲ್ಲುತ್ತದೆ. ಸೀಟಿನ ಅಡಿಗೆ ಕೈ ಹಾಕಿ ಕವರಿನ ಅಂಚು ಹುಡುಕಿ, ಹಿಂಭಾಗ ನೋಡಿ. ನವಿರಾದ ನಾರು ನಾರು ಇದ್ದರೆ ಚರ್ಮ, ನೇಯ್ದ ಬಟ್ಟೆ ಕಂಡರೆ ರೆಕ್ಸಿನ್. ರೆಕ್ಸಿನ್ ಆದರೆ ಕಂಡೀಷನರ್‌ಗೆ ದುಡ್ಡು ಹಾಕಬೇಡಿ. ಕ್ಲೀನ್ ಮಾಡಿ, ಬಿಸಿಲಿಗೆ ನೆರಳು ಕೊಟ್ಟರೆ ಸಾಕು.

ಈಗ ಕೆಲಸಕ್ಕೆ ಬರೋಣ. ಕಾರನ್ನು ನೆರಳಲ್ಲಿ ನಿಲ್ಲಿಸಿ, ಸೀಟು ತಣ್ಣಗಿರಲಿ. ಹಿಂದಿನ ಸೀಟಿನ ಬೂಷ್ಟನ್ನು ಕೆಳಗೆ ಹೇಳಿದ ಹಾಗೆ ಮೊದಲು ತೆಗೆದು, ಆಮೇಲೆ ವ್ಯಾಕ್ಯೂಮ್. ಮೂತಿಗೆ ಬ್ರಷ್ ಇರುವ ನಳಿಗೆ ಹಾಕಿಕೊಂಡು, ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯನ್ನು ಚೆನ್ನಾಗಿ ಎಳೆಯಿರಿ. ಅಲ್ಲಿ ಮರಳು ಸೇರಿರುತ್ತದೆ. ನೀವು ಹತ್ತಿ ಇಳಿಯುವಾಗಲೆಲ್ಲ ಆ ಮರಳು ಹೊಲಿಗೆಯನ್ನು ಉಜ್ಜುತ್ತಲೇ ಇರುತ್ತದೆ.

ಆಮೇಲೆ ಲೆದರ್ ಕ್ಲೀನರ್. ನೀರಿನಲ್ಲಿ ಕರಗುವ, ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಅಂತ ಬರೆದಿರುವ ಯಾವ ಕಂಪನಿಯದಾದರೂ ಸರಿ. ಸಿಗದಿದ್ದರೆ ಒಂದು ಮಗ್ ಉಗುರುಬೆಚ್ಚಗಿನ ನೀರಿಗೆ ಮಕ್ಕಳ ಶಾಂಪೂ ನಾಲ್ಕೈದು ಹನಿ. ಬಟ್ಟೆ ಸೋಪು, ಪಾತ್ರೆ ತೊಳೆಯುವ ಪುಡಿ, ಅಡುಗೆ ಸೋಡಾ ಮುಟ್ಟಲೇಬೇಡಿ. ಹದ ಮಾಡಿದ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ 4-5ರ ಸುಮಾರು. ಬಟ್ಟೆ ಸೋಪು 9-10, ಅಂದರೆ ಕ್ಷಾರೀಯ. ಅದನ್ನೇ ಮತ್ತೆ ಮತ್ತೆ ಹಾಕಿದರೆ ಮೇಲಿನ ಪದರವೂ ಹಾಳು, ಬಿರುಕಿನ ಮೂಲಕ ಒಳಗಿಳಿದರೆ ಚರ್ಮವೂ ಹಾಳು.

ದ್ರವವನ್ನು ಸೀಟಿನ ಮೇಲೆ ಹೊಯ್ಯಬೇಡಿ, ಬ್ರಷ್‌ಗೆ ಹಾಕಿ. ಕುದುರೆಕೂದಲಿನ ಬ್ರಷ್ ಆದರೆ ಒಳ್ಳೆಯದು, ಇಲ್ಲವಾದರೆ ತುಂಬ ಮೆತ್ತನೆಯ ಯಾವುದಾದರೂ ಬ್ರಷ್. ಅಂಗೈ ಅಗಲದಷ್ಟು ಜಾಗ ಮಾತ್ರ ತಗೊಂಡು, ಒತ್ತದೆ, ಸುತ್ತಿ ಸುತ್ತಿ ತಿಕ್ಕಿ. ಸ್ವಲ್ಪ ಹೊತ್ತಿಗೆ ಬಿಳಿ ನೊರೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಡ್ರೈವರ್ ಸೀಟಿನ ಬಾಗಿಲ ಕಡೆಯ ಉಬ್ಬಿನಲ್ಲಂತೂ ಕಾಫಿ ಬಣ್ಣವೇ. ಆ ನೊರೆ ಅಲ್ಲೇ ಒಣಗಲು ಬಿಡಬೇಡಿ. ತಕ್ಷಣ ಹಿಂಡಿದ ಒದ್ದೆ ಬಟ್ಟೆಯಲ್ಲಿ ಎತ್ತಿ, ಒಣ ಮೈಕ್ರೋಫೈಬರ್‌ನಲ್ಲಿ ಒರೆಸಿ, ಮುಂದಿನ ಜಾಗಕ್ಕೆ ಹೋಗಿ. ಹೊಲಿಗೆಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್, ದಾರ ಹೋದ ದಿಕ್ಕಿನಲ್ಲೇ. ಮುಗಿದ ಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಚರ್ಮದ ಸಣ್ಣ ಸಣ್ಣ ಗೆರೆಗಳು ಬಿಡಿಬಿಡಿಯಾಗಿ ಕಂಡರೆ ಕೆಲಸ ಆಯಿತು. ಗೆರೆಗಳ ನಡುವೆ ಇನ್ನೂ ಹೊಳಪು ತುಂಬಿಕೊಂಡಿದ್ದರೆ ಇನ್ನೊಂದು ಸುತ್ತು ಬೇಕು. ಒಂದೇ ಸಲಕ್ಕೆ ಜೋರಾಗಿ ತಿಕ್ಕುವುದಕ್ಕಿಂತ ಮೆಲ್ಲಗೆ ಎರಡು ಸಲ ಮಾಡುವುದು ಮೇಲು. ಮ್ಯಾಜಿಕ್ ಸ್ಪಂಜು ಅಂತ ಬಿಳಿ ತುಂಡು ಮಾರುತ್ತಾರಲ್ವಾ, ಅದು ನುಣ್ಣನೆಯ ಉಪ್ಪುಕಾಗದ ಇದ್ದಹಾಗೆ. ಕೊಳೆಯ ಜೊತೆ ಲೇಪವನ್ನೂ ಎತ್ತುತ್ತದೆ.

ಸೀಟಿನಲ್ಲಿ ಗಾಳಿ ಬರುವ ತೂತುಗಳಿದ್ದರೆ ನೀರು ಇನ್ನೂ ಕಡಿಮೆ. ಒಳಗೆ ಫ್ಯಾನ್, ವೈರ್, ಸೆನ್ಸರ್ ಇರುತ್ತವೆ.

ಇಷ್ಟಾದ ಮೇಲೆ ಕಂಡೀಷನರ್. ಅದು ಚರ್ಮಕ್ಕೆ ಜೀವ ತುಂಬುತ್ತದೆ ಅಂತ ಬಾಟಲಿಯಲ್ಲಿ ಬರೆದಿರುತ್ತಾರೆ. ಲೇಪವಿರುವ ಚರ್ಮದೊಳಗೆ ಹೋಗುವುದು ತೀರಾ ಕಡಿಮೆ. ಆದರೂ ನಾನು ಹಚ್ಚುತ್ತೇನೆ, ಕಾರಣ ಬೇರೆ. ಮೇಲೆ ತೆಳುವಾಗಿ ಉಳಿದು ಉಜ್ಜಾಟ ಕಡಿಮೆ ಮಾಡುತ್ತದೆ, ಮುಂದಿನ ಸಲ ಕೊಳೆ ಬೇಗ ಬಿಡುತ್ತದೆ. ಲೆದರ್ ಪ್ರೊಟೆಕ್ಟರ್ ಅಂತ ಸಿಗುವುದು ಈ ಕೆಲಸಕ್ಕೆ ಇನ್ನೂ ಚೆನ್ನ. ತಿಳಿ ಬಣ್ಣದ ಸೀಟಿಗೆ ಅದು ಬೇಕೇ ಬೇಕು, ಹೊಸ ಜೀನ್ಸ್‌ನ ನೀಲಿ ಹತ್ತಿದರೆ ತೆಗೆಯುವುದು ಕಷ್ಟ. ಬಟ್ಟೆಗೆ ಒಂದೆರಡು ಹನಿ ಹಾಕಿಕೊಂಡು ತೆಳ್ಳಗೆ ಸವರಿ, ಸ್ವಲ್ಪ ಬಿಟ್ಟು ಒಣಬಟ್ಟೆಯಲ್ಲಿ ಒರೆಸಿ. ವರ್ಷಕ್ಕೆ ಎರಡು ಮೂರು ಸಲ ಸಾಕು. ಬರೀ ಹಿಂಡಿದ ಬಟ್ಟೆಯಲ್ಲಿ ಒರೆಸುವುದನ್ನು ಮಾತ್ರ ವಾರಕ್ಕೊಮ್ಮೆ ಮಾಡಿ. ಪಳಪಳ ಹೊಳೆಸುವ ಸಿಲಿಕೋನ್ ಡ್ಯಾಶ್‌ಬೋರ್ಡ್ ಪಾಲಿಶ್ ಸೀಟಿಗೆ ಹಾಕಲೇಬೇಡಿ. ಜಾರುತ್ತದೆ. ಮುಂದೆ ಎಂದಾದರೂ ಬಣ್ಣ ಹಾಕಿಸಬೇಕಾದರೆ ಬಣ್ಣವೂ ಹಿಡಿಯುವುದಿಲ್ಲ.

ಹಿಂದಿನ ಸೀಟಿನ ಬೂಷ್ಟನ್ನು ಎಲ್ಲಕ್ಕಿಂತ ಮೊದಲು ತೆಗೆಯಿರಿ, ಬೇರೆ ಬಟ್ಟೆಯಲ್ಲಿ. ಮಾಸ್ಕ್ ಹಾಕಿಕೊಳ್ಳಿ, ನಾಲ್ಕೂ ಬಾಗಿಲು ತೆರೆದಿಡಿ. ಒಣಗಿದ್ದಾಗ ತಿಕ್ಕಿದರೆ ಅದರ ಪುಡಿ ಕಾರೆಲ್ಲ ಹರಡುತ್ತದೆ, ಹಾಗಾಗಿ ಒದ್ದೆ ಬಟ್ಟೆಯಲ್ಲೇ ಎತ್ತಿ. ಆಮೇಲೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಬಟ್ಟೆ ಗಟ್ಟಿ ಹಿಂಡಿ ಒರೆಸಿ. ಕೊನೆಗೆ ಮೇಲೆ ಹೇಳಿದ ಕ್ಲೀನಿಂಗ್. ಆದರೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದಿದ್ದರೆ ಮುಂದಿನ ಮಳೆಗಾಲದ ಆಟಿ ತಿಂಗಳಲ್ಲಿ ಮತ್ತೆ ಅದೇ ಪಾಡು. ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿ. ಒದ್ದೆ ಇದ್ದರೆ ಎಸಿ ನೀರು ಹೋಗುವ ಪೈಪ್ ಕಟ್ಟಿರಬಹುದು, ಬಾಗಿಲ ರಬ್ಬರ್ ಸಡಿಲವಾಗಿರಬಹುದು. ತೇವ ಹೀರುವ ಡಬ್ಬ ಇಡುವುದಾದರೆ ಸೀಟಿನ ಮೇಲೆ ಇಡಬೇಡಿ. ಕ್ಯಾಲ್ಸಿಯಂ ಕ್ಲೋರೈಡ್ ಇರುವ ಡಬ್ಬದಲ್ಲಿ ಉಪ್ಪುನೀರು ತುಂಬುತ್ತದೆ, ಅದು ಚೆಲ್ಲಿದರೆ ಚರ್ಮ ಸುರುಟಿಹೋಗುತ್ತದೆ.

ಕೈಗೆ ಹಾಕುವ ಸ್ಯಾನಿಟೈಸರ್ ಬಗ್ಗೆಯೂ ಹೇಳಿಬಿಡುತ್ತೇನೆ. 2020ರ ಕೋವಿಡ್ ಸಮಯದಲ್ಲಿ ಜನ ಸ್ಟಿಯರಿಂಗ್‌ಗೆ, ಸೀಟಿಗೆ ದಿನಾ ಸ್ಪ್ರೇ ಹೊಡೆದರು. ಆಲ್ಕೋಹಾಲ್ ಮೇಲಿನ ಪದರವನ್ನು ತಿನ್ನುತ್ತದೆ. ಹಾಗಾಗಿ ಅಂಟಂಟಾಗಿ, ಬಣ್ಣ ಬಿಟ್ಟ ಸ್ಟಿಯರಿಂಗ್‌ಗಳು ಈಗಲೂ ಬರುತ್ತಿವೆ. ಕೈ ಪೂರ್ತಿ ಒಣಗಿದ ಮೇಲೆ ಸ್ಟಿಯರಿಂಗ್ ಹಿಡಿಯಿರಿ.

ಸೀಟು ಉಳಿಯಲಿ ಅಂತ ಮೇಲೆ ಮತ್ತೊಂದು ಕವರ್ ಹಾಕಿಸುವವರಿದ್ದಾರೆ. ನಮ್ಮ ಕಡೆ ಅದರ ಅಡಿಯಲ್ಲಿ ಬೆವರು, ತೇವ ಸಿಕ್ಕಿಕೊಂಡು ಬೂಷ್ಟು ಜಾಸ್ತಿಯಾಗುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಪಟ್ಟಿ ಇದ್ದರೆ ಕವರ್ ಹಾಕಲೇಬಾರದು, ಅಪಘಾತದಲ್ಲಿ ಏರ್‌ಬ್ಯಾಗ್ ಹೊರಬರಲು ಅಡ್ಡವಾಗುತ್ತದೆ. ಕಲಬುರಗಿ, ರಾಯಚೂರು ಕಡೆ ನಿಲ್ಲಿಸುವ ಕಾರಾದರೆ ಗಾಜಿಗೆ ಸನ್‌ಶೇಡ್ ಇಡುವುದೇ ದೊಡ್ಡ ಉಪಕಾರ, ಅಲ್ಲಿ ಚರ್ಮ ಕೆಡಿಸುವುದು ಬಿಸಿಲು. ನಿಮಗೆ ಪುತ್ತೂರಿನಲ್ಲಿ ತೇವದ್ದೇ ಚಿಂತೆ.

ಕ್ಲೀನ್ ಆದ ಮೇಲೆ ಡ್ರೈವರ್ ಸೀಟಿನ ಉಬ್ಬಿನಲ್ಲಿ ಬಿರುಕು ಕಾಣಬಹುದು. ಇಷ್ಟು ದಿನ ಕೊಳೆ ಅದನ್ನು ಮುಚ್ಚಿತ್ತು. ಯಾವ ಕ್ರೀಮ್ ಹಚ್ಚಿದರೂ ಬಿರುಕು ಕೂಡುವುದಿಲ್ಲ. ಉಜ್ಜಿ, ಫಿಲ್ಲರ್ ತುಂಬಿ, ಅದೇ ಬಣ್ಣ ಬೆರೆಸಿ ಹಾಕಿ, ಮೇಲೆ ಲೇಪ ಕೊಡಬೇಕು. ಕೈಪಳಗಿದವರು ಮಾಡಿದರೆ ಚೆನ್ನಾಗಿ ಬರುತ್ತದೆ. ಚರ್ಮವೇ ಹರಿದಿದ್ದರೆ ಆ ಒಂದು ತುಂಡನ್ನು ಮಾತ್ರ ಬಿಚ್ಚಿ ಹೊಸದು ಹೊಲಿಸಬಹುದು, ಇಡೀ ಸೀಟು ಬದಲಿಸಬೇಕಾಗಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟು ಕೆಲಸದವರು ಸಾಲಾಗಿ ಸಿಗುತ್ತಾರೆ. ಮಂಗಳೂರಿನಲ್ಲೂ ಇದ್ದಾರೆ. ಮೊದಲು ಕ್ಲೀನ್ ಮಾಡಿ, ಆ ಉಬ್ಬಿನ ಫೋಟೋ ಒಂದನ್ನು ಹಗಲು ಬೆಳಕಲ್ಲಿ ತೆಗೆದು ಇಲ್ಲಿ ಹಾಕಿ. ಬಣ್ಣ ಮಾತ್ರ ಹೋಗಿದೆಯಾ, ಚರ್ಮವೇ ಬಿರಿದಿದೆಯಾ ಅಂತ ನೋಡಿ ಹೇಳುತ್ತೇನೆ.