ರವಿವಾರ ಕರ್ನಾಟಕ ಕಾಲೇಜಿಗೆ ಕರೆದೊಯ್ಯಬೇಡಿ

ರವಿವಾರ ಹುಬ್ಬಳ್ಳಿಯಿಂದ ದಾಂಡೇಲಿಗೆ ಹೋಗುವಾಗ ನಡುವೆ ಧಾರವಾಡದಲ್ಲಿ ಇಳಿದು, ನಿಮ್ಮ ಮಾವನವರಿಗೆ ಅವರು ಓದಿದ ಕರ್ನಾಟಕ ಕಾಲೇಜನ್ನು ತೋರಿಸಲು ಅರ್ಧ ಗಂಟೆ ಸಾಕೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕ ಹಾಕಿ ಹೊರಟಿದ್ದೆ.

ನನ್ನ ತಂದೆಯವರು ಗದಗಿನಿಂದ ಬಂದು ಅಲ್ಲಿ ಬಿ.ಎ. ಓದಿದವರು. ಕಾರಿನಲ್ಲಿ ದಾರಿಯುದ್ದಕ್ಕೂ ಮೊಮ್ಮಕ್ಕಳಿಗೆ ಕಾಲೇಜಿನ ಕಥೆಯನ್ನೇ ಹೇಳುತ್ತಿದ್ದರು: ಆ ಕಟ್ಟಡವನ್ನು ಮೊದಲು ಕಟ್ಟಿದ್ದು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಗಾಗಿ; 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ಸೇರಿಹೋಯಿತು; 1917ರಲ್ಲಿ ಕಾಲೇಜು ಆರಂಭವಾಯಿತು; ವಿ.ಕೃ. ಗೋಕಾಕರು ಅಲ್ಲಿ ಪ್ರಾಚಾರ್ಯರಾಗಿದ್ದರು, ಗಿರೀಶ ಕಾರ್ನಾಡರು ಅಲ್ಲಿಯೇ ಪದವಿ ಪಡೆದರು. ರೈಲ್ವೆ ಗುಮಾಸ್ತರು ಲೆಕ್ಕ ಬರೆಯುತ್ತಿದ್ದ ಕಡೆ ಅಜ್ಜ ಪಾಠ ಕೇಳಿದ್ದರೆಂಬುದು ಮಕ್ಕಳಿಗೆ ಬಹಳ ಹಿಡಿಸಿತು.

ನಾನು ತಪ್ಪಿದ್ದು ದಿನದ ಆಯ್ಕೆಯಲ್ಲಿ. ನನಗೆ ಕಚೇರಿಯ ರಜೆ, ಮಕ್ಕಳಿಗೆ ಶಾಲೆಯ ರಜೆ, ರಸ್ತೆಯಲ್ಲಿ ಗದ್ದಲ ಕಡಿಮೆ ಎಂದು ರವಿವಾರವನ್ನು ಆರಿಸಿದ್ದೆ. ಈ ಕಾರಣಗಳಲ್ಲಿ ಒಂದೂ ತಂದೆಯವರಿಗೆ ಸಂಬಂಧಿಸಿರಲಿಲ್ಲ. ಕಾಲೇಜು ಮುಚ್ಚಿರುತ್ತದೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಕಟ್ಟಡ ಹೊರಗಿನಿಂದಲೂ ಕಾಣುತ್ತದಲ್ಲ, ಅಷ್ಟು ಸಾಕು ಎಂದುಕೊಂಡಿದ್ದೆ. ಅವರು ನೋಡಬೇಕೆಂದಿದ್ದು ಕಟ್ಟಡವನ್ನಲ್ಲ, ತಾವು ಕುಳಿತಿದ್ದ ಒಂದು ಕೋಣೆಯನ್ನು ಎಂಬುದು ನನಗೆ ತಿಳಿದದ್ದು ಬೀಗ ಹಾಕಿದ ಬಾಗಿಲಿನ ಮುಂದೆ ನಿಂತಾಗ. ಅವರು ಹೆಗಲ ಮೇಲಿನ ವಲ್ಲಿಯಿಂದ ಕಿಟಕಿಯ ಗಾಜಿನ ಧೂಳು ಒರೆಸಿ, ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಇಣುಕಿದರು. “ನಾ ಕುಂತಿದ್ದ ಕಡೆ ಕಾಣವಲ್ದು” ಎಂದರು. ನಾನು ಊಟಕ್ಕೆ ಹೊತ್ತಾಯಿತೆಂದು ಅವಸರಪಡಿಸಿದೆ. ಆಮೇಲೆ ಮೊಣಕಾಲು ನೋವು ಹೆಚ್ಚಿ, ಅವರಿಗೆ ಇನ್ನೊಮ್ಮೆ ಧಾರವಾಡಕ್ಕೆ ಬರಲು ಆಗಲೇ ಇಲ್ಲ.

ಆದ್ದರಿಂದ ಅರ್ಧ ಗಂಟೆ ಸಾಕೇ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ದಾಂಡೇಲಿಗೆ ಬೇರೆ ದಿನ ಹೋಗಿ. ಪರೀಕ್ಷೆಗಳಿಲ್ಲದ ಒಂದು ಕೆಲಸದ ದಿನವನ್ನು ಗೊತ್ತುಮಾಡಿಕೊಂಡು, ಮಕ್ಕಳ ಶಾಲೆ ಒಂದು ದಿನ ತಪ್ಪಿದರೂ ಚಿಂತೆಯಿಲ್ಲ, ಹಳೆಯ ವಿದ್ಯಾರ್ಥಿಯೊಬ್ಬರು ಬರುತ್ತಿದ್ದಾರೆಂದು ಪ್ರಾಚಾರ್ಯರ ಕಚೇರಿಗೆ ಮೊದಲೇ ಪತ್ರ ಕೊಟ್ಟು ಒಪ್ಪಿಗೆ ಕೇಳಿ. ಯಾವ ಕೋಣೆ, ಯಾವ ಮಹಡಿ ಎಂಬುದನ್ನು ಮಾವನವರಿಂದ ಇಂದೇ ಕೇಳಿಕೊಂಡು ಆ ಪತ್ರದಲ್ಲಿ ಬರೆಯಿರಿ.