ಓದುಗರ ಪ್ರಶ್ನೆ: ಸ್ಥಳೀಯ ಗಿಡಗಳ ತೋಟ

ಪ್ರಶ್ನೆ: ಸ್ಥಳೀಯ ಗಿಡಗಳಿಂದ ತೋಟ ವಿನ್ಯಾಸ ಮಾಡುವುದನ್ನು ಕಲಿಯಬೇಕು. ಮೊದಲ ಪ್ರಯತ್ನದಲ್ಲೇ ಅರ್ಧದಷ್ಟು ಸಸಿ ಸತ್ತವು. ಸ್ಥಳೀಯ ಗಿಡಗಳಿಗೆ ಆರೈಕೆ ಬೇಡವಲ್ಲವೇ?

ಉತ್ತರ: ಬೇಕು. ಬೇರು ಆಳಕ್ಕಿಳಿಯುವವರೆಗೆ, ಅಂದರೆ ಮೊದಲ ಒಂದೆರಡು ವರ್ಷ, ಒಣಹವೆಯಲ್ಲಿ ನೀರು ಕೊಡಲೇಬೇಕು. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಅಪರೂಪಕ್ಕೆ, ಆದರೆ ಆಳಕ್ಕಿಳಿಯುವಂತೆ ಹಾಕಿ.

ಕಲಿಕೆ ಗಿಡದಿಂದಲ್ಲ, ನೆಲದಿಂದ ಶುರುವಾಗಲಿ. ಒಂದು ಸೆಂಟಿಮೀಟರಿಗೆ ಒಂದು ಮೀಟರ್ ಅಳತೆಯಲ್ಲಿ ನಕ್ಷೆ ಬರೆದು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಬೀಳುವ ಜಾಗ ಗುರುತಿಸಿ. 30 ಸೆಂ.ಮೀ. ಆಳ-ಅಗಲದ ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ. ಈ ಸಲ ಗಂಟೆಗೆ 2 ಸೆಂ.ಮೀ.ಗಿಂತ ಕಡಿಮೆ ಇಳಿದರೆ ನೀರು ನಿಲ್ಲುವ ಜಾಗವೆಂದೇ ತಿಳಿಯಿರಿ. ಕಲ್ಲುನೆಲದ ಗಿಡ ಅಲ್ಲಿ ಕೊಳೆಯುತ್ತದೆ. ಸ್ಥಳೀಯ ಗಿಡವಾದರೂ ಅದರ ಮೂಲ ನೆಲೆಯನ್ನು ನೋಡದೆ ಆರಿಸುವುದೇ ದೊಡ್ಡ ತಪ್ಪು.

ನೆಡುವ ಗುಂಡಿ ಬೇರುಮುದ್ದೆಯ ಎರಡು-ಮೂರು ಪಟ್ಟು ಅಗಲ, ಆಳ ಮಾತ್ರ ಮುದ್ದೆಯಷ್ಟೇ. ಕಾಂಡ-ಬೇರು ಸೇರುವ ಭಾಗ ಮಣ್ಣಿನಡಿ ಹೋಗಬಾರದು. ಚೀಲದಲ್ಲಿ ಸುತ್ತಿಕೊಂಡ ಬೇರುಗಳನ್ನು ಬಿಡಿಸಿ, ಇಲ್ಲವೇ ಕತ್ತರಿಸಿ. ಗುಂಡಿಗೆ ಗೊಬ್ಬರ ಸುರಿಯಬೇಡಿ, ಅಗೆದ ಮಣ್ಣೇ ಸಾಕು. ಮೇಲೆ 5ರಿಂದ 8 ಸೆಂ.ಮೀ. ಒಣ ಎಲೆಯ ಹೊದಿಕೆ, ಕಾಂಡಕ್ಕೆ ತಾಗದಂತೆ.

ಅಂತರವನ್ನು ಬೆಳೆದ ಗಿಡದ ಅಗಲ ನೋಡಿ ಬಿಡಿ. ಮೊದಮೊದಲು ತೋಟ ಬೋಳಾಗಿ ಕಾಣುತ್ತದೆ, ಕಾಣಲಿ! ಆ ಸಂದುಗಳಿಗೆ ಹುಲ್ಲು, ವಾರ್ಷಿಕ ಹೂಗಿಡಗಳಿವೆ.