ವಿಜಯಪುರದ ಬಿಸಿಲು ಗ್ಲಾಸ್ಗೋಕ್ಕ ಬರೂದಿಲ್ಲ

ತಂಗಿ, ನೀ ಬರದದ್ದು ಓದಿದೆ. ಬರೂ ತಿಂಗಳು ಗಂಡ, ಐದು ತಿಂಗಳ ಕೂಸು, ಅತ್ತಿಯವರ ಜೋಡಿ ವಿಜಯಪುರ ಬಿಟ್ಟು ಬ್ರಿಟನ್ನಿನ ಗ್ಲಾಸ್ಗೋಕ್ಕ ಹೊಂಟೀರಿ. ಬಾಡಿಗಿ ಮನಿ, ಥಂಡಿ ಅರಿವಿ, ಕಿರಾಣಿ ಎಲ್ಲಾ ಕೇಳಿ ಕಡೀಕ ಇದನ್ನ ಕೇಳೀದಿ: "ಅಕ್ಕಾ, ಅಲ್ಲಿಗೆ ಹೋದವರೆಲ್ಲ ವಿಟಮಿನ್ ಡಿ ತಗೋರಿ ಅಂತಾರ. ಹುಟ್ಟಿದಾಗಿಂದ ಬಿಸಿಲಾಗ ಬೆಳದವರು ನಾವು, ನಮಗ್ಯಾಕ ಅದು? ಅತ್ತಿಗೆ ಸೊಂಟ, ಮೊಳಕಾಲು ನೋವು ಅಂತ ಬರಸಿದ ಅರವತ್ತು ಸಾವಿರ ಯೂನಿಟ್ಟಿನ ಪುಡಿ ಮನ್ಯಾಗ ಐತಿ, ಎಷ್ಟು ಕಟ್ಟಿಕೊಂಡು ಬರಲಿ?" ಉಳಿದ ಪ್ರಶ್ನೆಗೆ ಬ್ಯಾರೆ ಬರೀತೀನಿ. ಇದು ನನ್ನ ಕಸುಬಿನ ಮಾತು. ಗ್ಲಾಸ್ಗೋದಾಗ ಔಷಧ ಅಂಗಡಿ ಕೌಂಟರಿನ ಹಿಂದ ನಿಂತು ಎಷ್ಟೋ ವರ್ಷದಿಂದ ನಮ್ಮ ಮಂದಿಗೆ ಇದನ್ನ ಹೇಳಿಕೋತ ಬಂದೀನಿ.

ಬೇಕು. ನಿಮ್ಮ ನಾಲ್ಕೂ ಮಂದಿಗೆ ಬೇಕು. ಎಲ್ಲಾರಕಿಂತ ಮೊದಲು ಕೂಸಿಗೆ ಬೇಕು.

ಯಾಕ ಅನ್ನೂದು ನಿಮ್ಮ ಮಾಳಿಗಿ ಮ್ಯಾಲನ ಕಾಣತೈತಿ. ನಾನೂ ಈಗ ದೀಪಾವಳಿಗೆ ಅವ್ವನ ಮನಿಗೆ ಬಂದೀನಿ, ನಿನ್ನೆ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮಾಳಿಗಿ ಮ್ಯಾಲ ನಿಂತು ನೋಡಿದೆ. ಐದು ಫೂಟಿನ ಹೆಣಮಗಳ ನೆರಳು ಈ ದಿನದಾಗ ಇಲ್ಲೆ ಮೂರು ಫೂಟು ಬೀಳತೈತಿ. ಅದೇ ದಿನ ಗ್ಲಾಸ್ಗೋದಾಗ ನಡುಮಧ್ಯಾಹ್ನ ಅದೇ ಹೆಣಮಗಳ ನೆರಳು ಹದಿನಾಲ್ಕು ಫೂಟು. ಡಿಸೆಂಬರ್ ಕಡೀಗೆ ಇಪ್ಪತ್ತೈದು ಫೂಟು ದಾಟತೈತಿ. ವಿಜಯಪುರ ಭೂಮಧ್ಯರೇಖೆಯಿಂದ 17 ಡಿಗ್ರಿಯೊಳಗ ಐತಿ, ಗ್ಲಾಸ್ಗೋ 56ರ ಹತ್ತಿರ. ಅಲ್ಲೆ ಚಳಿಗಾಲದಾಗ ಸೂರ್ಯ ಮನಿ ಛಾವಣಿಗೆ ಹತ್ತಿಕೊಂಡು ತೆಳಗಿಂದ ತೆಳಗ ಹಾಯ್ದು ಹೋಗಿಬಿಡತಾನ.

ಚರ್ಮದಾಗ ವಿಟಮಿನ್ ಡಿ ಆಗಬೇಕಂದ್ರ ಬಿಸಿಲಿನೊಳಗಿನ ಅತಿನೇರಳೆ ಬಿ ಅನ್ನೂ ಕಿರಣ ಬೇಕು. ಸೂರ್ಯ ಓರೆ ಆದಂಗ ಆ ಕಿರಣ ವಾತಾವರಣದೊಳಗ ಸೋಸಿ ಹೋಗತೈತಿ. ನಿನ್ನ ನೆರಳು ನಿನಗಿಂತ ಉದ್ದ ಐತಿ ಅಂದ್ರ ಆ ಹೊತ್ತಿನ ಬಿಸಿಲಾಗ ಅದು ಭಾಳ ಕಡಿಮಿ. ವಿಜಯಪುರದಾಗ ಡಿಸೆಂಬರಿನ ನಡುಮಧ್ಯಾಹ್ನ ಸುದ್ಧಾ ನೆರಳು ಆಳಿಗಿಂತ ಗಿಡ್ಡನ ಇರತೈತಿ. ಗ್ಲಾಸ್ಗೋದಾಗ ಅಕ್ಟೋಬರದಿಂದ ಮಾರ್ಚ್ ತನಕ ಆಕಾಶ ಸ್ವಚ್ಛ ಇದ್ರೂ, ಕಣ್ಣಿಗೆ ಬಿಸಿಲು ಹೊಡದ್ರೂ, ಚರ್ಮದಾಗ ಡಿ ಆಗೂದಿಲ್ಲ ಅಂತ ತಿಳಕೋ. ಕಿಡಕಿ ಗಾಜಿನ ಹಿಂದ ಕುಂತು ಬಿಸಿಲು ಕಾಸೂದರಿಂದಂತೂ ಯಾವ ಊರಾಗೂ ಆಗೂದಿಲ್ಲ, ಗಾಜು ಆ ಕಿರಣ ತಡೀತೈತಿ.

ಚರ್ಮದಾಗ ಆದದ್ದು ಯಕೃತ್ತಿಗೆ ಹೋಗಿ ಒಂದು ರೂಪ ಬದಲಿ ಮಾಡತೈತಿ, ಆಮ್ಯಾಲ ಮೂತ್ರಪಿಂಡದಾಗ ಇನ್ನೊಂದು ರೂಪ. ಆ ಕಡೀ ರೂಪ ಕರುಳಿಗೆ ಹೇಳತೈತಿ, ಉಂಡ ಅನ್ನದೊಳಗಿನ ಕ್ಯಾಲ್ಸಿಯಂ, ರಂಜಕ ಎಳಕೋ ಅಂತ. ಹೆಸರಿಗೆ ವಿಟಮಿನ್, ಕೆಲಸ ಹಾರ್ಮೋನಿಂದು. ಇದು ಇಲ್ಲದ ಮೈಯೊಳಗ ಎಷ್ಟು ಹಾಲು ಮಸರು ಉಂಡ್ರೂ ಎಲುಬಿಗೆ ಸೇರೂದು ಅಷ್ಟಕ್ಕಷ್ಟ.

ಬಿಸಿಲಾಗ ಬೆಳದೀವಿ, ಮೈಯೊಳಗ ಕೂಡಿ ಇಟ್ಟದ್ದು ಐತಿ ಅಂತೀಯಲ್ಲ, ಆ ಗಂಟು ವರ್ಷಾನುಗಟ್ಟಲೆ ಬಾಳೂದಲ್ಲ. ಹೊಸದು ಬರೂದು ನಿಂತ್ರ ರಕ್ತದಾಗಿಂದು ಎರಡು ಮೂರು ವಾರಕ್ಕ ಅರ್ಧ ಆಗತೈತಿ, ಕೊಬ್ಬಿನಾಗ ಇದ್ದದ್ದು ಸ್ವಲ್ಪ ದಿನ ಆಸರಾಗತೈತಿ ಅಷ್ಟ. ಮತ್ತ ಖರೇ ಹೇಳು, ನಾವು ಬಿಸಿಲಾಗ ಎಲ್ಲೆ ಇದ್ದೀವಿ? ಏಪ್ರಿಲ್ ಮೇದಾಗ ನಲವತ್ತು ಡಿಗ್ರಿ ಹೊಡದಾಗ ಹತ್ತು ಗಂಟೆ ಒಳಗ ಸಂತಿ ಮುಗಿಸಿ ಬಾಗಲಾ ಹಾಕೊಂತೀವಿ, ಮತ್ತ ಹೊರಗ ಬೀಳೂದು ಐದರ ಮ್ಯಾಲ. ಹೊರಗ ಬಿದ್ರೂ ತಲಿ ಮ್ಯಾಲ ಸೆರಗು, ಕೈಗೆ ತೋಳು, ಗಾಡಿ ಮ್ಯಾಲ ಹೋಗೂ ಹುಡಿಗ್ಯಾರ ಮಾರಿಗೆ ಸ್ಕಾರ್ಫ್. ಮಧ್ಯಾಹ್ನ ಹೊಲದಾಗ ಕಳೇವು ತಗಿಯೂ ಹೆಣ್ಮಕ್ಕಳ ಮಾತು ಬ್ಯಾರೆ, ನಿಮ್ಮ ಓಣಿಯ ಹೆಣ್ಮಕ್ಕಳ ಮಾತು ಬ್ಯಾರೆ. ಬಿಸಿಲ ನಾಡಾದ್ರೂ ನಮ್ಮ ದೇಶದ ಪ್ಯಾಟಿಗಳೊಳಗ ಈ ಕೊರತೆ ಮನಿ ಮನಿಗೆ ಐತಿ. ಅದರ ಮ್ಯಾಲ ನಮ್ಮ ಚರ್ಮದ ಬಣ್ಣ. ಕಪ್ಪು ಬಣ್ಣ ಸುಡೂ ಬಿಸಿಲಿನಿಂದ ನಮ್ಮನ್ನ ಕಾಯತೈತಿ, ಅದೇ ಕಾರಣಕ್ಕ ಬಿಳೀ ಮಂದಿಕಿಂತ ನಮಗ ಹೆಚ್ಚು ಹೊತ್ತು ಬಿಸಿಲು ಬೇಕಾಗತೈತಿ. ಅದಕ್ಕ ಬ್ರಿಟನ್ನಿನ ಸರ್ಕಾರಿ ಸಲಹೆ ಉಳಿದವರಿಗೆ ಚಳಿಗಾಲಕ್ಕ ಡಿ ತಗೋರಿ ಅಂತ ಐತಿ, ದಕ್ಷಿಣ ಏಷ್ಯಾ, ಆಫ್ರಿಕಾ ಮೂಲದವರಿಗೆ ವರ್ಷ ಪೂರ್ತಿ ತಗೊಳ್ಳೂದು ಛಲೋ ಅಂತ ಐತಿ.

ನೀ ಹೊಂಟ ಊರಿಗೆ ಈ ರೋಗದ ದೊಡ್ಡ ಇತಿಹಾಸನ ಐತಿ, ಅದನ್ನ ಹೇಳಲಿಕ್ಕೇ ಬೇಕು. ಹತ್ತೊಂಬತ್ತನೇ ಶತಮಾನದಾಗ ಕಾರಖಾನಿ ಹೊಗಿ ಮುಚ್ಚಿದ ಗ್ಲಾಸ್ಗೋದ ಇಕ್ಕಟ್ಟು ಓಣಿಯೊಳಗ ಕಾಲು ಬಿಲ್ಲಿನಂಗ ಬಾಗಿದ ಕೂಸುಗಳು ಎಲ್ಲಾ ಕಡೆ ಕಾಣತಿದ್ವು. ಅದಕ್ಕ ರಿಕೆಟ್ಸ್ ಅಂತಾರ. ಜಪಾನಿನಾಗ ಮಿಷನರಿ ಡಾಕ್ಟರ್ ಆಗಿ ಕೆಲಸ ಮಾಡಿ ಬಂದ ಥಿಯೊಬಾಲ್ಡ್ ಪಾಮ್ ಅನ್ನಾವರು, ಅಲ್ಲೆ ಬಡವರ ಕೂಸಿಗೆ ಇಲ್ಲದ ರೋಗ ಇಲ್ಲೆ ಯಾಕ ಅಂತ ವಿಚಾರ ಮಾಡಿ, ಬಿಸಿಲಿಲ್ಲದ್ದೇ ಕಾರಣ ಅಂತ 1890ರಾಗ ಬರದ್ರು. ಯಾರೂ ಅಷ್ಟು ಲಕ್ಷ್ಯ ಕೊಡಲಿಲ್ಲ. 1919ರಾಗ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಅತಿನೇರಳೆ ದೀಪದ ಮುಂದ ಕೂಸುಗಳನ್ನ ಮಲಗಿಸಿ ರಿಕೆಟ್ಸ್ ವಾಸಿ ಮಾಡಿ ತೋರಿಸಿದ್ರು. ಅದೇ ಕಾಲಕ್ಕ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳ ಮ್ಯಾಲ ಪ್ರಯೋಗ ಮಾಡಿ ಕಾಡ್ ಅನ್ನೂ ಮೀನಿನ ಯಕೃತ್ತಿನ ಎಣ್ಣಿಯಿಂದ ಅದು ತಡೀತೈತಿ ಅಂತ ಕಂಡುಕೊಂಡ್ರು. ಮೀನಿನ ಎಣ್ಣಿ ಕುಡಿಸಿ ಕುಡಿಸಿ ಬಿಳೀ ಮಂದಿಯ ಕೂಸುಗಳೊಳಗ ರೋಗ ಇಳೀತು. ಆಮ್ಯಾಲ 1962ರಾಗ ಅದೇ ಗ್ಲಾಸ್ಗೋದ ಡಾಕ್ಟರುಗಳಿಗೆ ಮತ್ತ ರಿಕೆಟ್ಸ್ ಕಂಡಿತು, ಈ ಸಲ ಪಾಕಿಸ್ತಾನದಿಂದ ಬಂದು ನೆಲಿಸಿದ ಮನಿಗಳೊಳಗ. ನಮ್ಮಂಥವರ ಮನಿಗಳು ಅವು, ನಮ್ಮಂಥದೇ ಚರ್ಮ, ನಮ್ಮಂಥದೇ ರೊಟ್ಟಿ ಚಪಾತಿ. ಸಿಪ್ಪಿ ಸಹಿತ ಬೀಸಿದ ಹಿಟ್ಟಿನೊಳಗಿನ ಫೈಟೇಟ್ ಅನ್ನೂ ವಸ್ತು ಕ್ಯಾಲ್ಸಿಯಂ ಹಿಡಕೊಂಡು ಬಿಡತೈತಿ ಅಂತ ಚಪಾತಿ ಮ್ಯಾಲನೂ ಅನುಮಾನ ಬಂತು. ಅದರಾಗ ಖರೇ ಐತಿ, ಆದ್ರ ನೀ ರೊಟ್ಟಿ ಬಿಡೂದೇನೂ ಬ್ಯಾಡ. ಡಿ ಸಾಕಷ್ಟು ಇದ್ರ ರೊಟ್ಟಿ ಏನೂ ಮಾಡೂದಿಲ್ಲ.

ಅತ್ತಿಯವರ ಬಗ್ಗೆ ನನಗ ಚಿಂತಿ ಐತಿ. ಮಗಳ ಬಾಣಂತನಕ್ಕ ಬಂದಿದ್ದ ಬಾದಾಮಿ ಕಡೆಯ ಒಬ್ಬ ಹಿರ್ಯಾರನ್ನ ಹತ್ತಿರದಿಂದ ನೋಡೀನಿ. ಚಳಿ ಅಂತ ಹೊರಗ ಬೀಳಲಿಲ್ಲ. ಮಾರ್ಚಿಗೆ ಬರೂದರೊಳಗ ತೊಡಿ, ಸೊಂಟ, ಪಕ್ಕಡಿ ಎಲುಬು ನೋಯಾಕ ಹತ್ತಿದ್ವು. ನೆಲದ ಮ್ಯಾಲ ಕುಂತ್ರ ಎರಡೂ ಕೈಲೆ ಮೊಳಕಾಲು ಒತ್ತಿ, ಗ್ವಾಡಿ ಹಿಡದು ಏಳಬೇಕು. ಮೆಟ್ಟಲಾ ಹತ್ತಬೇಕಾದ್ರ ಒಂದೊಂದ ಮೆಟ್ಟಲಕ್ಕ ಎರಡೂ ಕಾಲು ಕೂಡಿಸಬೇಕು. ವಯಸ್ಸಾತು, ಸಂದು ಸವದಾವ ಅಂತ ನೋವಿನ ಗುಳಿಗಿ ನುಂಗತಿದ್ರು. ರಕ್ತ ತಗಿಸಿದಾಗ ಡಿ ಪಾತಾಳಕ್ಕ ಇಳದಿತ್ತು. ಅದಕ್ಕ ಆಸ್ಟಿಯೋಮಲೇಶಿಯಾ ಅಂತಾರ, ದೊಡ್ಡವರ ಎಲುಬು ಮೆತ್ತಗಾಗೂದು. ಸಂದಿನ ಸವತ ಮೊಳಕಾಲ ಕೀಲಿನಾಗ ನೋಯತೈತಿ, ಇದು ಎಲುಬಿನಾಗ ನೋಯತೈತಿ, ಒತ್ತಿದ್ರ ಅಳು ಬರತೈತಿ, ತೊಡಿಯಾಗಿನ ಶಕ್ತಿ ಹೋಗತೈತಿ. ಔಷಧ ತಗೊಂಡ ಮ್ಯಾಲ ತಿಂಗಳುಗಟ್ಟಲೆ ಹಿಡೀತು ಆದ್ರೂ ಅವರು ನೆಟ್ಟಗಾದ್ರು.

ಅದಕ್ಕ ಅತ್ತಿಯವರ ರಕ್ತ ವಿಜಯಪುರದಾಗನ ತಗಿಸಿ ರಿಪೋರ್ಟ್ ಕೈಯಾಗ ಹಿಡಕೊಂಡು ಬಾ. ಒಂದು ಮಾತು ನೆನಪಿಡು. ನಮ್ಮ ಲ್ಯಾಬಿನಾಗ ನ್ಯಾನೊಗ್ರಾಂ ಲೆಕ್ಕದಾಗ ಬರೀತಾರ, ಬ್ರಿಟನ್ನಿನಾಗ ನ್ಯಾನೊಮೋಲ್ ಲೆಕ್ಕದಾಗ. ಇಲ್ಲಿಂದನ್ನ ಎರಡೂವರಿಲೆ ಗುಣಿಸಿದ್ರ ಅಲ್ಲಿಂದು ಬರತೈತಿ. ಇಲ್ಲಿ 20 ಅಂದ್ರ ಅಲ್ಲೆ 50. ಇಲ್ಲಿ 18 ಇದ್ದವರು ಅಲ್ಲೆ 45 ನೋಡಿ "ಅಬ್ಬಾ, ಏರೈತಿ" ಅಂತ ಔಷಧ ಬಿಟ್ಟದ್ದನ್ನ ಕೌಂಟರಿನಾಗ ಎಷ್ಟೋ ಸಲ ತಿದ್ದೀನಿ. ನೀನು, ನಿನ್ನ ಗಂಡ ಗಟ್ಟಿಮುಟ್ಟ ಇದ್ರ ತಪಾಸಣಿ ರೊಕ್ಕ ಸುಮ್ನ ಖರ್ಚು, ನೇರ ದಿನದ ಡೋಸು ಚಾಲೂ ಮಾಡ್ರಿ.

ದಿನದ ಡೋಸು ಅಂದ್ರ 10 ಮೈಕ್ರೋಗ್ರಾಂ, ಅಂದ್ರ 400 ಯೂನಿಟ್. ಅಲ್ಲಿಯ ಡಬ್ಬಿ ಮ್ಯಾಲ ಮೈಕ್ರೋಗ್ರಾಂ ದೊಡ್ಡದಾಗಿ ಬರದಿರತಾರ, ಒಂದು ಮೈಕ್ರೋಗ್ರಾಂ ಅಂದ್ರ 40 ಯೂನಿಟ್. ಡಾಕ್ಟರ್ ಹೇಳದನ ದೊಡ್ಡವರು ದಿನಕ್ಕ 4,000 ಯೂನಿಟ್ ದಾಟಬಾರದು. ನಿಮ್ಮ ಮನ್ಯಾಗಿನ ಅರವತ್ತು ಸಾವಿರದ ಪುಡಿ ಕೊರತೆ ಗೊತ್ತಾದವರಿಗೆ ವಾರಕ್ಕ ಒಂದರಂಗ ಲೆಕ್ಕದ ವಾರ ಕೊಡೂ ಔಷಧ. ವಿದೇಶದಾಗ ತುಟ್ಟಿ ಅಂತ ಗಂಟು ಕಟ್ಟಿಕೊಂಡು ಹೋಗಿ, ನೋವು ಬಂದಾಗೊಮ್ಮೆ ಒಡದು ಹಾಲಿಗೆ ಹಾಕೂದಲ್ಲ. ಡಿ ಕೊಬ್ಬಿನಾಗ ಕೂಡತೈತಿ, ಹೆಚ್ಚಾದದ್ದು ಮೂತ್ರದಾಗ ಹರದು ಹೋಗೂದಿಲ್ಲ. ಅತಿ ಆದ್ರ ರಕ್ತದಾಗ ಕ್ಯಾಲ್ಸಿಯಂ ಏರಿ ವಾಂತಿ, ಬಾಯಾರಿಕಿ, ಮಲಬದ್ಧತೆ, ಕಿಡ್ನಿಗೆ ಪೆಟ್ಟು. ಅತ್ತಿಗೆ ಡಾಕ್ಟರ್ ಹೇಳಿದಷ್ಟು ವಾರದ ಪುಡಿ ಚೀಟಿ ಸಹಿತ ತಗೊಂಡು ಬಾ, ಒಂದೂ ಹೆಚ್ಚಿಗೆ ಬ್ಯಾಡ. ದಿನದ ಗುಳಿಗಿ ಅಲ್ಲೆ ಸಾದಾ ಅಂಗಡ್ಯಾಗ ಕೆಲವೇ ಪೌಂಡಿಗೆ ತಿಂಗಳುಗಟ್ಟಲೆ ಬರೂವಷ್ಟು ಸಿಗತಾವ.

ಕೂಸಿನ ಮಾತು ಲಕ್ಷ್ಯಗೊಟ್ಟು ಓದು. ಎದಿಹಾಲು ಅಮೃತ ಖರೇ, ಆದ್ರ ಅದರಾಗ ಡಿ ಭಾಳ ಕಡಿಮಿ. ಎದಿಹಾಲು ಕುಡಿಯೂ ಕೂಸಿಗೆ ದಿನಕ್ಕ 400 ಯೂನಿಟ್ ಹನಿ ಕೊಡಬೇಕು, ನಮ್ಮ ದೇಶದ ಮಕ್ಕಳ ಡಾಕ್ಟರುಗಳೂ ಅದನ್ನೇ ಹೇಳತಾರ. ಡಬ್ಬಿ ಹಾಲು ದಿನಕ್ಕ ಅರ್ಧ ಲೀಟರಕಿಂತ ಹೆಚ್ಚು ಕುಡದ್ರ ಅದರಾಗನ ಬೆರೆಸಿರತಾರ, ಬ್ಯಾರೆ ಬ್ಯಾಡ. ಎಣ್ಣಿ ತಿಕ್ಕಿ ಮುಂಜಾನೆಯ ಎಳೆಬಿಸಿಲಿಗೆ ಮಲಗಿಸೂದು ಕೂಸಿಗೆ ಹಿತ, ಆದ್ರ ಆ ಓರೆ ಬಿಸಿಲಾಗ ಡಿ ಆಗೂದು ಕಡಿಮಿ. ಈಗ ಎಚ್ಚರದ ಮಾತು. ಇಲ್ಲಿಯ ಎಷ್ಟೋ ಬಾಟ್ಲಿಯೊಳಗ 400 ಯೂನಿಟ್ ಅಂದ್ರ ಒಂದು ಎಂ.ಎಲ್. ಗಾಜಿನ ಹನಿಗೊಳವಿ ತುಂಬ ಎಳದು ಬಾಯಾಗ ಬಿಡತೀವಿ. ಬ್ರಿಟನ್ನಿನ ಕೆಲವು ಬಾಟ್ಲಿಯೊಳಗ ಅದೇ 400 ಯೂನಿಟ್ ಒಂದೇ ಒಂದು ಹನಿಯಾಗ ಇರತೈತಿ. ಇಲ್ಲಿಯ ರೂಢಿಲೆ ಅದನ್ನ ಒಂದು ಎಂ.ಎಲ್. ಕೊಟ್ರ ಹತ್ತಾರು ಪಟ್ಟು ಹೆಚ್ಚು ಹೋಗತೈತಿ. ಬಾಟ್ಲಿ ಬದಲಾದಾಗೊಮ್ಮೆ ಚೀಟಿ ಓದು, ಅತ್ತಿಗೂ ಗಂಡಗೂ ಕೈಯಾಗ ಹಿಡದು ತೋರಿಸು. ಮನ್ಯಾಗ ಒಬ್ಬರೇ ಕೊಡೂ ರೂಢಿ ಹಾಕ್ರಿ, ಇಲ್ಲಂದ್ರ ಇಬ್ಬರೂ ಕೊಡತೀರಿ.

ನಿಮ್ಮ ಮನಿ ಶುದ್ಧ ಸಸ್ಯಾಹಾರ. ಆಹಾರದಾಗ ಡಿ ಹೆಚ್ಚಾಗಿ ಇರೂದು ಕೊಬ್ಬಿನ ಮೀನು, ತತ್ತಿಯ ಹಳದಿಯಾಗ. ಬ್ರಿಟನ್ನಿನಾಗ ಅಮೆರಿಕದಂಗ ಹಾಲಿಗೆ ಡಿ ಬೆರೆಸೂ ರೂಢಿನೂ ಇಲ್ಲ. ಗುಳಿಗಿನೂ ನೋಡಿ ಕೊಳ್ಳಬೇಕು. ಮೆತ್ತನ್ನ ಕ್ಯಾಪ್ಸೂಲಿನ ಸಿಪ್ಪಿ ಹೆಚ್ಚಾಗಿ ಜೆಲಟಿನ್, ಅದನ್ನ ದನ, ಹಂದಿ, ಮೀನಿನ ಚರ್ಮ ಎಲುಬಿನಿಂದ ಮಾಡತಾರ. ಒಳಗಿನ ಡಿ3, ಅಂದ್ರ ನಮ್ಮ ಚರ್ಮದಾಗ ಆಗೂ ಅದೇ ರೂಪದ ಡಿ, ಸಾಮಾನ್ಯವಾಗಿ ಕುರಿ ಉಣ್ಣಿಯ ಜಿಡ್ಡಿನಿಂದ ತಗದದ್ದು, ಉಣ್ಣಿ ತೊಳದು ತಗೀತಾರ. ಅದೂ ಬ್ಯಾಡಂದ್ರ ಮಸಾಲಿಗೆ ಹಾಕೂ ಕಲ್ಲಹೂವಿನ ಕುಲದ್ದರಿಂದ ತಗದ ಡಿ3 ಸಿಗತೈತಿ, ಡಬ್ಬಿ ಮ್ಯಾಲ ವೀಗನ್ ಅಂತ ಬರದಿರತೈತಿ. ಅತ್ತಿಯವರಿಗೆ ಅದನ್ನೇ ತಗೋ, ಮನಸ್ಸಿಗೆ ಸಮಾಧಾನ ಇದ್ರ ದಿನಾ ನುಂಗತಾರ.

ಇನ್ನ, ಇದು ಕ್ಯಾನ್ಸರ್ ತಡೀತೈತಿ, ಹಾರ್ಟ್ ಅಟ್ಯಾಕ್ ತಡೀತೈತಿ, ಸಕ್ಕರಿ ರೋಗ ಬರಗೊಡೂದಿಲ್ಲ ಅನ್ನೂ ವಾಟ್ಸಾಪ್ ಮಾತು ನಂಬಬ್ಯಾಡ. ಅಮೆರಿಕದಾಗ ಸುಮಾರು 26 ಸಾವಿರ ಮಂದಿಯನ್ನ ಎರಡು ಪಾಲು ಮಾಡಿ, ಒಂದು ಪಾಲಿಗೆ ದಿನಾ 2,000 ಯೂನಿಟ್ ಕೊಟ್ಟು ಐದು ವರ್ಷ ನೋಡಿದ್ರು. 2018ರಾಗ ಫಲಿತಾಂಶ ಬಂತು, ಕ್ಯಾನ್ಸರ್ ಬರೂದು, ಹೃದಯದ ರೋಗ ಬರೂದು ಕಡಿಮಿ ಆಗಲಿಲ್ಲ. ಕೊರತೆ ಇದ್ದವರ ಎಲುಬು, ಸ್ನಾಯುವಿಗೆ ಇದರ ಉಪಕಾರ ಪಕ್ಕಾ, ಉಳಿದದ್ದಕ್ಕ ಆ ಮಟ್ಟದ ಪುರಾವೆ ಇಲ್ಲ. ಡಿಸೆಂಬರಿನಾಗ ಹಗಲು ಏಳೇ ತಾಸು, ನಾಲ್ಕಕ್ಕ ಕತ್ತಲಾಗತೈತಿ, ಆಗ ಬರೂ ಬ್ಯಾಸರಿಕಿಯನ್ನೂ ಈ ಗುಳಿಗಿ ಮ್ಯಾಲ ಬಿಡಬ್ಯಾಡ. ಡಿ ಆಗಲಿ ಬಿಡಲಿ, ದಿನಾ ಮಧ್ಯಾಹ್ನ ಕೂಸಿನ ಗಾಡಿ ತಳ್ಳಿಕೊಂಡು ಅತ್ತಿಯನ್ನ ಕರಕೊಂಡು ಅರ್ಧ ತಾಸು ಹೊರಗ ಅಡ್ಡಾಡು. ಮನಸ್ಸು ಭಾಳ ದಿನ ಕುಗ್ಗಿದ್ರ ಡಾಕ್ಟರಿಗೆ ಹೇಳು, ನನಗೂ ಹೇಳು.

ಗ್ಲಾಸ್ಗೋ ಮುಟ್ಟಿದ ವಾರದಾಗನ ಹತ್ತಿರದ ಡಾಕ್ಟರ್ ಕಡೆ ಎಲ್ಲಾರ ಹೆಸರು ಹಚ್ಚು. ಮನಿಗೆ ಹೆಲ್ತ್ ವಿಸಿಟರ್ ಅಂತ ನರ್ಸಮ್ಮ ಬರತಾರ, ಕೂಸಿನ ಹನಿ ಯಾವುದು, ಪುಕ್ಕಟೆ ಸಿಗತೈತೇನು ಅಂತ ಅವರನ್ನ ಕೇಳು. ಅಲ್ಲಿ ತನಕ ಬೇಕಾಗೂ ಹನಿ ಬಾಟ್ಲಿ ಒಂದು ಕೈಚೀಲದಾಗ ಇಡು. ಊರು ಬಿಡೂದರೊಳಗ ಅತ್ತಿಯವರ ರಿಪೋರ್ಟ್ ಬಂತಂದ್ರ ಫೋಟೋ ಕಳಿಸು, ಇನ್ನೂ ಹದಿನೈದು ದಿನ ನಾನು ವಿಜಯಪುರದಾಗನ ಇರತೀನಿ.